ತೂಕದ ಕಲ್ಲಿಗೆ ಸಾಕ್ಷಿ ಯಾರು?



ಮೇಲೆ ಹತ್ತಿ ನಿಂತರೆ ಮೈತೂಕ ತೋರಿಸುವ ಚಪ್ಪಟೆ ಮಿಷನ್ನು ಈಗ ನಮ್ಮ ತಾಳವಾಡಿ ಸೀಮೆಯ ಮನೆಗಳಿಗೂ ಬಂದಿದೆ. ಮೊದಲೆಲ್ಲ ಮೈತೂಕ ನೋಡಬೇಕಾದರೆ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಇಲ್ಲವೇ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ಯಂತ್ರಕ್ಕೆ ನಾಣ್ಯ ಹಾಕಬೇಕಿತ್ತು. ಅದು ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚು ಹಾಕಿದ ರಟ್ಟಿನ ಚೀಟಿಯೊಂದನ್ನು ಉದುರಿಸುತ್ತಿತ್ತು. ಈಗ ಸಕ್ಕರೆ ಕಾಯಿಲೆಯವರು, ಬಿಪಿ ಇರುವವರು ಮನೆಯಲ್ಲೇ ನೋಡಿಕೊಳ್ಳುತ್ತಾರೆ. ಆದರೆ ಮನೆಯ ಮಿಷನ್ನು 62 ಎಂದರೆ ಆಸ್ಪತ್ರೆಯದು 64 ಎನ್ನುತ್ತದೆ. ಯಾವುದನ್ನು ನಂಬುವುದು? ಮೂರನೆಯ ಮಿಷನ್ನಿನ ಮೇಲೆ ನಿಂತರೆ ಮೂರನೆಯ ಸಂಖ್ಯೆ ಸಿಗಬಹುದೇ ಹೊರತು ಜಗಳ ತೀರುವುದಿಲ್ಲ.

ತಾನು ಹೇಳುವುದು ನಿಜವೋ ಸುಳ್ಳೋ ಎಂಬುದನ್ನು ಯಾವ ತಕ್ಕಡಿಯೂ ತಾನೇ ಹೇಳಲಾರದು. ತೂಕ ಗೊತ್ತಿರುವ ಒಂದು ವಸ್ತು ಹೊರಗಿನಿಂದ ಬರಬೇಕು. ಆ ವಸ್ತುವನ್ನು ಕೊಡುವವನೂ ಕೊಳ್ಳುವವನೂ ಇಬ್ಬರೂ ನಂಬಬೇಕು. ನಮ್ಮ ಹಿರಿಯರು ಆ ಸಾಕ್ಷಿಯನ್ನು ಎಲ್ಲಿಂದ ತಂದುಕೊಂಡರು ಎಂಬ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾಣ್ಯದ ಚೀಲ, ಅಡವಿನ ಚಿನ್ನ ಇವುಗಳ ನಡುವೆ ವಯಸ್ಸು ಕಳೆದವನಿಗೆ ತೂಕದ ಮೇಲೆ ಸ್ವಲ್ಪ ಹೆಚ್ಚೇ ಆಸಕ್ತಿ.

ಕನ್ನಡದಲ್ಲಿ ನಾವು ತೂಕದ ಕಲ್ಲು ಎನ್ನುತ್ತೇವೆ, ತಮಿಳಿನಲ್ಲಿ ಎಡೈಕ್ಕಲ್ ಎನ್ನುತ್ತೇವೆ. ಅಂಗಡಿಯಲ್ಲಿರುವುದು ಕಬ್ಬಿಣ, ಆದರೂ ಎರಡು ಭಾಷೆಯಲ್ಲೂ ಅದು ಕಲ್ಲೇ. ಈ ಮಾತು ಎಷ್ಟು ಹಳೆಯದೆಂದು ತಿಳಿಯಲು ತಂಜಾವೂರಿಗೆ ಹೋಗಬೇಕು. ರಾಜರಾಜ ಚೋಳ ಕಟ್ಟಿಸಿದ ದೊಡ್ಡ ದೇವಾಲಯ 1010ರ ಹೊತ್ತಿಗೆ ಪೂರ್ಣವಾಯಿತು. ಅಲ್ಲಿನ ಶಾಸನಗಳಲ್ಲಿ ದೇವರಿಗೆ ಕೊಟ್ಟ ಚಿನ್ನವನ್ನು 'ಆಡವಲ್ಲಾನ್' ಎಂಬ ಹೆಸರಿನ ಕಲ್ಲಿನಿಂದ ತೂಗಲಾಯಿತು ಎಂದು ಬರೆದಿದೆ. ಇಷ್ಟು ತೂಕ ಎಂದು ಮಾತ್ರ ಬರೆದು ಬಿಡಲಿಲ್ಲ, ಯಾವ ಕಲ್ಲಿನ ತೂಕ ಎಂಬುದನ್ನೂ ಗೋಡೆಯ ಮೇಲೆ ಕೆತ್ತಿಸಿದರು. ಆಡವಲ್ಲಾನ್ ಎಂದರೆ ನಟರಾಜ. ದೇವರ ಹೆಸರಿನ ಕಲ್ಲಿಗೆ ಸುಳ್ಳು ಹೇಳಿಸುವ ಧೈರ್ಯ ಯಾರಿಗಿದ್ದೀತು!

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರ. ತೂಕ ಅಳತೆಗಳನ್ನು ನೋಡಿಕೊಳ್ಳಲು ಪೌತವಾಧ್ಯಕ್ಷ ಎಂಬ ಅಧಿಕಾರಿ ಇರಬೇಕೆಂದು ಅದು ಹೇಳುತ್ತದೆ. ತೂಕದ ಕಲ್ಲುಗಳನ್ನು ಕಬ್ಬಿಣದಿಂದ ಮಾಡಬೇಕು, ಇಲ್ಲವೇ ಮಗಧ, ಮೇಕಲ ದೇಶಗಳ ಕಲ್ಲಿನಿಂದ ಮಾಡಬೇಕು, ಅದೂ ಇಲ್ಲವಾದರೆ ನೀರಿನಿಂದ ಹೆಚ್ಚದ, ಬಿಸಿಲಿನಿಂದ ಕುಗ್ಗದ ವಸ್ತುವಿನಿಂದ ಮಾಡಬೇಕು. ನಾಲ್ಕು ತಿಂಗಳಿಗೊಮ್ಮೆ ಅವುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಬೇಕು. ಈ ಗ್ರಂಥ ಲೋಕಕ್ಕೆ ಸಿಕ್ಕಿದ ಬಗೆ ನಮ್ಮಂಥ ಗಡಿಯವರಿಗೆ ವಿಶೇಷವಾದುದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಓಲೆ ತಮಿಳುನಾಡಿನದು, ಓದಿದವರು ಕನ್ನಡದವರು.

ಇನ್ನು ನಮ್ಮ ಬೆಟ್ಟದ ಮಾತಿಗೆ ಬರೋಣ. ಇಲ್ಲಿ ಧಾನ್ಯ ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಪಾವು, ಸೇರು, ಬಳ್ಳ, ಕೊಳಗ, ಖಂಡುಗ. ಘಟ್ಟದ ಕೆಳಗೆ ಉಳಕ್ಕು, ಪಡಿ, ವಳ್ಳಂ. ನಮ್ಮ ಬಳ್ಳವೇ ಅವರ ವಳ್ಳಂ. ಬಕಾರಕ್ಕೆ ವಕಾರ ಬಂದಿದೆ ಅಷ್ಟೇ, ಪದ ಒಂದೇ. ಆದರೆ ಪದ ಒಂದಾದ ಮಾತ್ರಕ್ಕೆ ಅಳತೆಯೂ ಒಂದೇ ಎಂದು ತಿಳಿದವನು ಕೆಟ್ಟ. ರಾಶಿ ಏರಿಸಿ ಅಳೆದ ರಾಗಿಯೇ ಬೇರೆ, ಬಾಯಿ ಸಮಕ್ಕೆ ಕೈ ಸವರಿ ಅಳೆದ ರಾಗಿಯೇ ಬೇರೆ. ಸಾಲ ವಸೂಲಿಗೆ ಏರುರಾಶಿ, ಕೂಲಿ ಕೊಡುವುದಕ್ಕೆ ಸವರಿದ ಅಳತೆ ಎಂದಾದರೆ ಬಡವನ ಗತಿ ಏನು? ಕೊಳಗ ಸುಳ್ಳಾಗದೆಯೇ ಮೋಸ ನಡೆಯಬಹುದು.

ಬೆಲ್ಲ, ಹುಣಿಸೆಹಣ್ಣು, ಅರಿಸಿನ ಮಾತ್ರ ತೂಕದ ಲೆಕ್ಕ. ಇಲ್ಲಿ ಸಾಕ್ಷಿಯಾಗಿ ನಿಂತದ್ದು ಬೆಳ್ಳಿಯ ರೂಪಾಯಿ. ನಾಣ್ಯವನ್ನೇ ತೂಕದ ಕಲ್ಲಾಗಿ ಬಳಸಿದ ಕಾಲವದು. 1835ರಿಂದ ಕಂಪನಿ ಸರ್ಕಾರದ ರೂಪಾಯಿ ದೇಶಕ್ಕೆಲ್ಲ ಒಂದೇ ತೂಕದ್ದಾಯಿತು. ಅದು 180 ಗ್ರೇನು, ಇಂದಿನ ಲೆಕ್ಕಕ್ಕೆ 11.66 ಗ್ರಾಂ. ಅದೇ ಒಂದು ತೊಲ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಅಂಥ 40 ಸೇರಿಗೆ ಒಂದು ಮಣ. ಮದರಾಸಿನ ಲೆಕ್ಕದಲ್ಲಿ ವೀಸೆ 120 ರೂಪಾಯಿ ತೂಕ, 8 ವೀಸೆಗೆ ಒಂದು ಮಣ. ಗುಣಿಸಿ ನೋಡಿ. ಎರಡು ಕಡೆಯೂ ಮಣಕ್ಕೆ 960 ರೂಪಾಯಿ ತೂಕವೇ ಬರುತ್ತದೆ, ಹನ್ನೊಂದು ಕಿಲೋ ಇನ್ನೂರು ಗ್ರಾಂ ಆಸುಪಾಸು. ಸೇರಿನವನೂ ವೀಸೆಯವನೂ ಭಾಷೆ ಬೇರೆಯಾದರೂ ಮಣದಲ್ಲಿ ಒಂದಾಗುತ್ತಿದ್ದರು. ಆದರೆ ರೈಲ್ವೆಯ ಮಣ 80 ತೊಲದ ಸೇರಿನ ಲೆಕ್ಕದ್ದು. ಅದು 3200 ತೊಲ, ಮೂವತ್ತೇಳು ಕಿಲೋ ಮುನ್ನೂರು ಗ್ರಾಂ ಚಿಲ್ಲರೆ. ಊರಿನಲ್ಲಿ ಹತ್ತು ಮಣ ತೂಗಿದ ಬೆಲ್ಲ ರೈಲಿಗೆ ಏರುವಾಗ ಮೂರೇ ಮಣ!

ರೂಪಾಯಿಯ ಗುಣವೇನೆಂದರೆ ಅದು ಅಂಗಡಿಯವನ ಕೈಯಲ್ಲಿ ಮಾತ್ರ ಇರಲಿಲ್ಲ. ಬೆಲ್ಲ ಮಾರಲು ಬಂದವನ ಸೊಂಟದ ಚೀಲದಲ್ಲೂ ಇರುತ್ತಿತ್ತು. ಅನುಮಾನ ಬಂದರೆ ಸೇರಿನ ಕಲ್ಲಿನ ಎದುರಿಗೆ 24 ರೂಪಾಯಿ ಸುರಿದು ನೋಡಬಹುದಿತ್ತು. ಅಷ್ಟು ರೂಪಾಯಿ ಒಟ್ಟಿಗೆ ಇರುವ ರೈತ ಎಷ್ಟು ಜನ ಎಂಬ ಪ್ರಶ್ನೆ ಬೇರೆ. ಅಲ್ಲದೆ ಸವೆದ ರೂಪಾಯಿ ಹಗುರ. ಹಾಗಾಗಿ ಯಾರ ರೂಪಾಯಿಯಿಂದ ನೋಡಬೇಕು ಎಂಬುದೇ ಒಂದು ವ್ಯಾಜ್ಯ.

1940ರಲ್ಲಿ ಯುದ್ಧದ ದೆಸೆಯಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, 1947ರಲ್ಲಿ ನಿಕ್ಕಲ್ ರೂಪಾಯಿ ಬಂತು. 1962ರ ರೂಪಾಯಿ 10 ಗ್ರಾಂ. ಆಮೇಲೆ 8, ಆಮೇಲೆ 6. ಬ್ಯಾಂಕಿನಲ್ಲಿ ನಾವು ಎಣಿಸುತ್ತಿದ್ದ ಉಕ್ಕಿನ ರೂಪಾಯಿ 4.85 ಗ್ರಾಂ, 2011ರಿಂದ ಬಂದದ್ದು 3.79 ಗ್ರಾಂ. ರೂಪಾಯಿ ಹಗುರವಾಯಿತು ಎಂದು ಹಿರಿಯರು ಗೊಣಗುವುದು ಬೆಲೆಯ ವಿಷಯದಲ್ಲಿ ಮಾತ್ರವಲ್ಲ, ಅಕ್ಷರಶಃ ನಿಜ.

ತೊಲ ಮಾತ್ರ ಮಾತಿನಲ್ಲಿ ಉಳಿದಿದೆ, ಅದೇ ತೊಂದರೆ. ಚಾಮರಾಜನಗರದ ಕಡೆಯವರು ಮದುವೆ ಮಾತುಕತೆಯಲ್ಲಿ ತೊಲ ಎನ್ನುತ್ತಾರೆ, ಸತ್ಯಮಂಗಲದ ಕಡೆಯವರು ಪವುನ್ ಎನ್ನುತ್ತಾರೆ. ಪವುನ್ ಎಂದರೆ 8 ಗ್ರಾಂ, ಅದರಲ್ಲಿ ಜಗಳವಿಲ್ಲ. ತೊಲ ಎಂದರೆ ಅಜ್ಜಿಯ ಲೆಕ್ಕಕ್ಕೆ 11.66 ಗ್ರಾಂ, ಇಂದಿನ ವ್ಯವಹಾರದ ಮಾತಿನಲ್ಲಿ 10 ಗ್ರಾಂ. ಐದು ತೊಲಕ್ಕೆ ವ್ಯತ್ಯಾಸ ಎಂಟು ಗ್ರಾಂಗೂ ಮೀರುತ್ತದೆ, ಒಂದು ಪವನಿಗಿಂತ ಹೆಚ್ಚು. ಬೀಗರು ಮುನಿಸಿಕೊಳ್ಳಲು ಇಷ್ಟು ಸಾಕು. ತೂಕದ ಮಾತು ಆಡುವಾಗ ಗ್ರಾಂನಲ್ಲಿ ಆಡಿ ಎಂದು ಅಡವಿನ ಕೌಂಟರಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಗ್ರಾಂ ಎಲ್ಲಿಂದ ಬಂತು? ಫ್ರಾನ್ಸ್ ದೇಶದ ಕ್ರಾಂತಿಯ ಸರ್ಕಾರ 1795ರಲ್ಲಿ ಒಂದು ಕಾನೂನು ಮಾಡಿತು. ಊರಿಗೊಂದು ದೊರೆಗೊಂದು ತೂಕ ಇರಕೂಡದು, ನೀರನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳೋಣ ಎಂಬುದು ಅವರ ವಿಚಾರ. ಒಂದು ಲೀಟರ್ ನೀರಿನ ತೂಕವೇ ಕಿಲೋ. ಅದಕ್ಕೆ ಸಮನಾದ ಪ್ಲಾಟಿನಂ ಗಟ್ಟಿಯೊಂದನ್ನು ಮಾಡಿಸಿ 1799ರ ಜೂನ್ 22ರಂದು ಪ್ಯಾರಿಸ್ಸಿನ ದಫ್ತರಖಾನೆಯಲ್ಲಿ ಇಟ್ಟರು. ಆ ದಿನಕ್ಕೆ ಸರಿಯಾಗಿ ಏಳು ವಾರ ಹಿಂದೆ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದಿದ್ದ. ಅದರ ಫಲವಾಗಿ ಕೊಯಮತ್ತೂರು ಸೀಮೆ ಮೈಸೂರಿನಿಂದ ಕಂಪನಿಯ ಕೈಗೆ ಹೋಯಿತು. ಕಿಲೋ ಹುಟ್ಟಿದ ವರ್ಷವೂ ನಮ್ಮ ಗಡಿ ಹುಟ್ಟಿದ ವರ್ಷವೂ ಒಂದೇ. ಆದರೆ ಆ ಕಿಲೋ ನಮ್ಮ ಸಂತೆಗೆ ಬರಲು ನೂರೈವತ್ತು ವರ್ಷದ ಮೇಲಾಯಿತು.

ನಡುವೆ 1939ರಲ್ಲಿ ಬ್ರಿಟಿಷ್ ಸರ್ಕಾರ 80 ತೊಲದ ಸೇರನ್ನು ದೇಶಕ್ಕೆಲ್ಲ ಮಾದರಿ ಮಾಡಲು ಕಾನೂನು ತಂದಿತು. ಸಂತೆಗಳು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ನಿಜವಾದ ಬದಲಾವಣೆ ಸ್ವಾತಂತ್ರ್ಯ ಬಂದ ಮೇಲೆ ಆಯಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂತು. 1957ರ ಏಪ್ರಿಲ್ 1ರಿಂದ ನಯಾ ಪೈಸೆ, 1958ರ ಅಕ್ಟೋಬರ್ 1ರಿಂದ ಕೆಲವು ಕಡೆ ಕಿಲೋ, 1962ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಕಿಲೋ ಕಡ್ಡಾಯ. ನಮ್ಮ ಹಿರಿಯರು ಐದಾರು ವರ್ಷದಲ್ಲಿ ರಾಜ್ಯದ ಎಲ್ಲೆ, ಚಿಲ್ಲರೆ ಕಾಸು, ತೂಕದ ಕಲ್ಲು ಮೂರೂ ಬದಲಾದದ್ದನ್ನು ಕಂಡರು. ಅಕ್ಷರ ಬಾರದವರೂ ಆಣೆಯನ್ನು ಪೈಸೆಗೆ, ವೀಸೆಯನ್ನು ಕಿಲೋಗೆ ಬಾಯಲ್ಲೇ ತಿರುಗಿಸಿಕೊಂಡರು. ನನ್ನ ಮಟ್ರಿಕ್ ಗಣಿತ ಅದರ ಮುಂದೆ ಏನೂ ಅಲ್ಲ. ನನ್ನ ಅಭಿಪ್ರಾಯದಲ್ಲಿ ಗಡಿಯ ರೈತನಿಗೆ ಸರ್ಕಾರ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಆಲೂಗಡ್ಡೆಯನ್ನು ಚಾಮರಾಜನಗರಕ್ಕೆ ಒಯ್ದರೂ, ದಿಂಬಂ ಘಟ್ಟದ 27 ತಿರುವು ಇಳಿಸಿ ಸತ್ಯಮಂಗಲಕ್ಕೆ ಒಯ್ದರೂ ಕಿಲೋ ಕಿಲೋವೇ.

ಭಾರತದ ಕಿಲೋಗೆ ಮೂಲವಾಗಿ 57ನೇ ನಂಬರಿನ ಪ್ಲಾಟಿನಂ-ಇರಿಡಿಯಂ ಗಟ್ಟಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಪ್ಯಾರಿಸ್ ಹತ್ತಿರ ಇಟ್ಟಿದ್ದ ಲೋಕದ ಮೂಲಗಟ್ಟಿಗೂ ಅದರ ನಕಲುಗಳಿಗೂ ನೂರು ವರ್ಷದಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಕಂಡುಬಂತು. ಸಾಕ್ಷಿಯೇ ಸವೆದರೆ ಹೇಗೆ? ಹಾಗಾಗಿ 2019ರ ಮೇ 20ರಿಂದ ಕಿಲೋ ಯಾವ ಗಟ್ಟಿಯನ್ನೂ ಅವಲಂಬಿಸಿಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಒಂದು ಬದಲಾಗದ ಸಂಖ್ಯೆಯಿಂದ ಅದನ್ನು ನಿರ್ಣಯಿಸುತ್ತಾರೆ.

ಸರಿ, ಮನೆಯ ಮಿಷನ್ನಿಗೆ ಏನು ಮಾಡುವುದು? ನಮಗೆ ಪ್ಲಾಂಕ್ ಬೇಡ, ಫ್ರಾನ್ಸಿನವರ ನೀರು ಸಾಕು. ಮಿಷನ್ನನ್ನು ಚಾಪೆಯ ಮೇಲಿಡದೆ ಗಟ್ಟಿಯಾದ ಸಮನೆಲದ ಮೇಲಿಡಿ. ಬರಿದಾಗಿದ್ದಾಗ ಸೊನ್ನೆ ತೋರಿಸಬೇಕು. ಖಾಲಿ ಕ್ಯಾನು ಹಿಡಿದು ಹತ್ತಿ ನಿಂತು ತೂಕ ಬರೆದುಕೊಳ್ಳಿ. ಆಮೇಲೆ ಹಾಲಿನ ಡೈರಿಯ ಮುದ್ರೆ ಇರುವ ಲೀಟರಿನಿಂದ 20 ಲೀಟರ್ ನೀರು ಅಳೆದು ಅದೇ ಕ್ಯಾನಿಗೆ ತುಂಬಿ, ಹಿಡಿದು ಮತ್ತೆ ನಿಲ್ಲಿ. ವ್ಯತ್ಯಾಸ 20 ಕಿಲೋ ಬರಬೇಕು. ನಮ್ಮ ಹವೆಯ ನೀರು ಅದಕ್ಕಿಂತ ಅರವತ್ತು ಎಂಬತ್ತು ಗ್ರಾಂ ಕಡಿಮೆ ತೂಗುತ್ತದೆ, ಅದನ್ನು ಬಿಟ್ಟುಬಿಡಿ. ಭಾರ ಎತ್ತಲಾಗದವರು ಮಕ್ಕಳಿಂದ ಮಾಡಿಸಿ. ಅಂಗಡಿಯವರು ಸ್ನೇಹಿತರಾಗಿದ್ದರೆ ಮುದ್ರೆಯ 20 ಕಿಲೋ ಕಲ್ಲೇ ಉತ್ತಮ. ಕ್ಯಾನನ್ನು ಮಾತ್ರ ಮಿಷನ್ನಿನ ಮೇಲಿಟ್ಟು ನೋಡಿದರೆ 20ರ ಹತ್ತಿರ ಸರಿಯೋ ಎಂದು ಗೊತ್ತಾಗುತ್ತದೆ, 60ರ ಹತ್ತಿರ ಸರಿಯೋ ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಹಿಡಿದು ನಿಲ್ಲಬೇಕೆಂದು ಹೇಳಿದ್ದು. ಮೂರು ಸಲ ನೋಡಿ. ಮೂರು ಸಲವೂ ಬೇರೆ ಬೇರೆ ತೋರಿಸುವ ಮಿಷನ್ನು ಪ್ರಯೋಜನವಿಲ್ಲ. ಪ್ರತಿ ಸಲ ಒಂದೇ ಸಮನೆ ಕಡಿಮೆ ತೋರಿಸುವುದಾದರೆ ಆ ತಪ್ಪನ್ನು ಲೆಕ್ಕಕ್ಕೆ ಹಿಡಿದು ಓದಿಕೊಳ್ಳಬಹುದು.

ತಕ್ಕಡಿಯ ತಟ್ಟೆಗಳಾದರೆ ಪರೀಕ್ಷೆ ಇನ್ನೂ ಸುಲಭ. ಕಲ್ಲನ್ನೂ ಸಾಮಾನನ್ನೂ ಅದಲು ಬದಲು ಮಾಡಿ ಇಡಿ. ಕೋಲಿನ ಎರಡು ತೋಳು ಸಮನಾಗಿಲ್ಲದಿದ್ದರೆ ಆಗಲೇ ಬಯಲಾಗುತ್ತದೆ. ಸ್ಪ್ರಿಂಗಿನ ಮಿಷನ್ನಿಗೆ ಆ ಅನುಕೂಲವಿಲ್ಲ. ಸ್ಪ್ರಿಂಗು ದಿನ ಕಳೆದಂತೆ ಸಡಿಲವಾಗುತ್ತದೆ. ಇನ್ನೊಂದು ಸ್ವಾರಸ್ಯ. ಸತ್ಯಮಂಗಲದಲ್ಲಿ ಸ್ಪ್ರಿಂಗಿನ ಮೇಲೆ ನಿಂತವರು ಅದೇ ಮಿಷನ್ನನ್ನು ಘಟ್ಟದ ಮೇಲೆ ತಂದು ನಿಂತರೆ ಭೂಮಿಯ ಸೆಳೆತ ಕಡಿಮೆಯಾಗಿ ಸುಮಾರು ಹತ್ತು ಗ್ರಾಂ ಇಳಿಯುತ್ತಾರೆ. ಬೆಟ್ಟದ ಹವೆಗೆ ಮೈ ಹಗುರವಾಯಿತು ಎನ್ನುವವರಿಗೆ ಇಷ್ಟು ಮಾತ್ರ ಆಧಾರ ಕೊಡಬಲ್ಲೆ.

ದೊಡ್ಡವರಿಗೆ ಒಂದು ಕಿಲೋ ಅತ್ತಿತ್ತ ಆದರೆ ಪ್ರಾಣಕ್ಕೇನೂ ಇಲ್ಲ. ಆದರೆ ಕ್ಷಯದ ಮಾತ್ರೆ ಎಷ್ಟು ಎಂಬುದು ರೋಗಿಯ ತೂಕದ ಮೇಲೆ ನಿಗದಿಯಾಗುತ್ತದೆ. ಹುಟ್ಟಿದ ಮಗು ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ವಿಶೇಷ ಆರೈಕೆ ಬೇಕು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಜಾಗಗಳಲ್ಲಿ ನಮಗೆ ದೂರವಲ್ಲದ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಯಲ್ಲಿ ಮಗುವನ್ನು ತೂಗಿ ಕಾರ್ಡಿನಲ್ಲಿ ಗೆರೆ ಎಳೆಯುವಾಗ ಅರ್ಧ ಕಿಲೋ ತಪ್ಪಿದರೆ ಸೊರಗಿದ ಮಗು ಚೆನ್ನಾಗಿದೆ ಎಂದೇ ದಾಖಲಾಗುತ್ತದೆ. ಅಲ್ಲಿ ಮಗು ಕೂರಿಸುವ ಮೊದಲು ಒಂದು ಕಿಲೋ ಕಲ್ಲನ್ನೋ ಒಂದು ಲೀಟರ್ ನೀರನ್ನೋ ಇಟ್ಟು ನೋಡಿ ಎಂದು ತಾಯಂದಿರು ಕೇಳಿದರೆ ತಪ್ಪೇನಿಲ್ಲ, ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಈಗ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಜಾರಿಯಲ್ಲಿದೆ. ವ್ಯಾಪಾರದ ಕಬ್ಬಿಣದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು. ಕೌಟಿಲ್ಯನಷ್ಟು ಬಿಗಿಯಲ್ಲ. ತರಕಾರಿ ತೂಗಿಸುವಾಗ ಕಲ್ಲಿನ ತಳದ ಸೀಸದ ಮೇಲೆ, ಇಲ್ಲವೇ ಮಿಷನ್ನಿನ ಮೇಲೆ ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ದೂರು ಕೊಡಬಹುದು. ಕರ್ನಾಟಕದಲ್ಲಿ ಇದಕ್ಕೆ ಬೇರೆ ಇಲಾಖೆಯೇ ಇದೆ. ತಮಿಳುನಾಡಿನಲ್ಲಿ ಇದು ಕಾರ್ಮಿಕ ಇಲಾಖೆಯ ಕೆಲಸ. ಹಾಗಾಗಿ ಚಾಮರಾಜನಗರದ ಸಂತೆಯ ದೂರು ಅಲ್ಲಿ, ತಾಳವಾಡಿಯ ಸಂತೆಯ ದೂರು ಈರೋಡಿನಲ್ಲಿ.