ಇಂಗ್ಲಿಷ್ ನಾಮಪದಗಳ ವಿಭಕ್ತಿವಿಚಾರ

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕಾರ್ಯವನ್ನು ನಡೆಸಿದ ಥಾಮಸ್ ಹಾಡ್ಸನ್ ಪಾದ್ರಿಯವರು 1859ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದರು. ನಮ್ಮ ಪ್ರತ್ಯಯಗಳನ್ನು ತಮ್ಮ ನಾಡಿನವರಿಗೆ ತಿಳಿಸುವ ಶ್ರಮ ಅವರದಾದರೆ, ಪ್ರತ್ಯಯವಿಲ್ಲದ ಅವರ ನಾಮಪದಗಳಲ್ಲಿ ವಿಭಕ್ತಿಯನ್ನು ಅರಸುವ ಶ್ರಮ ನಮ್ಮ ಶಾಲೆಗಳ ಪಾಲಿಗೆ ಬಂದಿತು.

ಆ ಭಾಷೆಗೆ ಪ್ರತ್ಯಯಗಳು ಎಂದೂ ಇರಲಿಲ್ಲವೆಂದಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಕಲ್ಲು ಎಂಬುದಕ್ಕೆ ‘ಸ್ತಾನ್’, ಕಲ್ಲಿನ ಎಂಬುದಕ್ಕೆ ‘ಸ್ತಾನೆಸ್’, ಕಲ್ಲಿಗೆ ಎಂಬುದಕ್ಕೆ ‘ಸ್ತಾನೆ’ ಎಂಬ ರೂಪಗಳಿದ್ದುವು. ಪದಾಂತ್ಯದ ಸ್ವರಗಳು ಸಡಿಲಗೊಂಡಂತೆ ಇವು ಅಳಿದು, ಷಷ್ಠಿಯ ‘ಎಸ್’ ಒಂದೇ ಉಳಿಯಿತು. ಲಿಂಡ್ಲೆ ಮರ್ರೆಯು 1795ರ ತನ್ನ ವ್ಯಾಕರಣದಲ್ಲಿ ನಾಮಪದಕ್ಕೆ ಎರಡೇ ವಿಭಕ್ತಿಗಳನ್ನು ಹೇಳಿ, ಮುಂದೆ ಕರ್ಮಾರ್ಥದ ಮೂರನೆಯದನ್ನು ಸೇರಿಸಿದನು. ರೂಪವನ್ನು ನಂಬಬೇಕೆ, ಅರ್ಥವನ್ನೆ? ಅವನಿಗೂ ಸಂಶಯವೇ!

ನಾನು ಮಾತ್ರ ರೂಪವನ್ನೇ ನಂಬಿದ್ದೆನು. ಕುಣಿಗಲ್ ಕಡೆಯ ಹುಡುಗನೊಬ್ಬನು ‘ರಾಮ ಸಾ ಕೃಷ್ಣ’ ಎಂಬ ವಾಕ್ಯದಲ್ಲಿ ಕೊನೆಯ ಪದ ದ್ವಿತೀಯೆಯೆಂದು ಬರೆದನು. ತಪ್ಪೆಂದು ಗೀಟೆಳೆದು, ಪ್ರತ್ಯಯವೆಲ್ಲಿ ಎಂದು ಗದರಿಸಿದೆನು.

“ನಾವೂ ‘ಹಣ್ಣು ತಿಂದೆ’ ಅನ್ನುವುದಿಲ್ಲವೆ, ಸಾರ್? ಕೃಷ್ಣನ ಜಾಗದಲ್ಲಿ ಸರ್ವನಾಮವನ್ನಿಟ್ಟರೆ ‘ಹಿ’ ಹೋಗಿ ‘ಹಿಮ್’ ಬರುತ್ತದೆ” ಎಂದನು.

ಕಾರಕ ಬೇರೆ, ವಿಭಕ್ತಿ ಬೇರೆ ಎಂದು ಪಾಣಿನಿಯನ್ನು ಪಾಠಶಾಲೆಯಲ್ಲಿ ಓದಿ ಬಂದವನು ನಾನು! ಗೀಟನ್ನು ಅಳಿಸಿ ಅಂಕವನ್ನು ತಿದ್ದಿದೆನು.