ಮೇಜರ್, ಮೈನರ್: ಎರಡು ಹೆಸರುಗಳ 39 ವರ್ಷದ ತಕರಾರು

ಮೇಜರ್, ಮೈನರ್. ನೋಡೋಕೆ ಎರಡು ಪಾಪದ ಹೆಸರುಗಳು. ಸಾಫ್ಟ್‌ವೇರ್ ವರ್ಷನ್ ನಂಬರ್ ಹೇಳುವ ಫಂಕ್ಷನ್‌ಗೆ ಯಾರೇ ಆದರೂ ಇದೇ ಹೆಸರಿಡ್ತಾರೆ. ಆದರೆ ಲಿನಕ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಬರೆಯೋರಿಗೆ ಇವು ವರ್ಷಗಟ್ಟಲೆ ಕಾಟ ಕೊಟ್ಟವು. ಕಾರಣ ಹುಡುಕ್ತಾ ಹೋದರೆ 1979ಕ್ಕೆ, ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಏಳನೇ ಆವೃತ್ತಿಗೆ ಹೋಗಿ ನಿಲ್ಲಬೇಕಾಗುತ್ತೆ.

ಸಿ ಭಾಷೆಗೆ ಪ್ರಿಪ್ರೊಸೆಸರ್ ಬಂದದ್ದು 1973ರ ಸುಮಾರಿಗೆ. ಮೊದಲಿಗೆ ಅದಕ್ಕೆ ಗೊತ್ತಿದ್ದದ್ದು ಎರಡೇ ಕೆಲಸ: ಬೇರೆ ಫೈಲ್ ಒಳಗೆ ತರೋದು, ಒಂದು ಪದದ ಜಾಗದಲ್ಲಿ ಇನ್ನೊಂದು ಇಡೋದು. ಆರ್ಗ್ಯುಮೆಂಟ್ ತಗೊಳ್ಳೋ ಮ್ಯಾಕ್ರೊಗಳನ್ನ ಆಮೇಲೆ ಮುಖ್ಯವಾಗಿ ಮೈಕ್ ಲೆಸ್ಕ್, ನಂತರ ಜಾನ್ ರೈಸರ್ ಸೇರಿಸಿದರು. ಮ್ಯಾಕ್ರೊ ಅಂದ್ರೆ ಕಂಪೈಲರ್ ಕೋಡ್ ಓದೋಕೆ ಮುಂಚೆಯೇ ನಡೆದುಹೋಗುವ ಫೈಂಡ್ ಅಂಡ್ ರಿಪ್ಲೇಸ್. ಇದು ಯಾರ ಫಂಕ್ಷನ್, ಯಾವ ಕ್ಲಾಸಿನದು ಅಂತ ಅದು ಕೇಳೋದೇ ಇಲ್ಲ. ಹೆಸರು ಹೊಂದಿ, ಮುಂದೆ ಬ್ರಾಕೆಟ್ ಕಂಡರೆ ಮುಗೀತು, ಬದಲಾಯಿಸಿಬಿಡುತ್ತೆ.

ಏಳನೇ ಆವೃತ್ತಿಯ ಟೈಪ್ಸ್ ಹೆಡರ್‌ನಲ್ಲಿ ಇಂಥ ಮೂರು ಮ್ಯಾಕ್ರೊ ಇದ್ದವು. ಯುನಿಕ್ಸ್‌ನಲ್ಲಿ ಪ್ರತಿ ಡಿವೈಸ್‌ಗೂ 16 ಬಿಟ್‌ನ ಒಂದು ನಂಬರ್. ಮೇಲಿನ 8 ಬಿಟ್ ಯಾವ ಡ್ರೈವರ್ ಅಂತ ಹೇಳುತ್ತೆ, ಅದು ಮೇಜರ್. ಕೆಳಗಿನ 8 ಬಿಟ್ ಆ ಡ್ರೈವರ್‌ನ ಎಷ್ಟನೇ ಡಿವೈಸ್ ಅಂತ ಹೇಳುತ್ತೆ, ಅದು ಮೈನರ್. ಎರಡನ್ನೂ ಜೋಡಿಸೋದು ಮೇಕ್‌ಡೆವ್. ಪಿಡಿಪಿ-11ರಂಥ ಪುಟ್ಟ ಮಷೀನಿನಲ್ಲಿ ಇಷ್ಟಕ್ಕೆ ಫಂಕ್ಷನ್ ಕಾಲ್ ದುಬಾರಿ, ಇನ್‌ಲೈನ್ ಫಂಕ್ಷನ್ ಆಗಿನ ಸಿ ಭಾಷೆಯಲ್ಲಿರಲಿಲ್ಲ. ಹಾಗಾಗಿ ಮ್ಯಾಕ್ರೊ ಬರೆದದ್ದು ಸರಿಯಾಗೇ ಇತ್ತು. ತೊಡಕಾದದ್ದು ಅದನ್ನಿಟ್ಟ ಜಾಗದಿಂದ. ಆ ಹೆಡರ್ ಕರ್ನಲ್‌ಗೂ ಬೇಕು, ಸಾಮಾನ್ಯ ಪ್ರೋಗ್ರಾಂಗಳಿಗೂ ಬೇಕು.

ಹಳೇ ಪ್ರೋಗ್ರಾಂಗಳು ಕೆಡಬಾರದಲ್ಲ, ಲಿನಕ್ಸ್‌ನ ಗ್ನು ಸಿ ಲೈಬ್ರರಿಯೂ ಈ ರೂಢಿಯನ್ನು ಉಳಿಸಿಕೊಂಡಿತು. ಅಲ್ಲಿ ಮೇಜರ್ ಅನ್ನೋದು ಗ್ನು_ಡೆವ್_ಮೇಜರ್ ಅನ್ನುವ ಫಂಕ್ಷನ್ ಆಗಿ ಬದಲಾಗ್ತಿತ್ತು. ಈಗ ನಿಮ್ಮ ಕ್ಲಾಸಿನಲ್ಲಿ ಮೇಜರ್ ಅಂತ ಒಂದು ಫಂಕ್ಷನ್ ಡಿಕ್ಲೇರ್ ಮಾಡಿದ್ದೀರಿ ಅಂದ್ಕೊಳ್ಳಿ. ಎರಡು ಆರ್ಗ್ಯುಮೆಂಟ್ ಇದ್ದರೆ ಅಲ್ಲೇ ಎರರ್ ಬರುತ್ತೆ, ಬಚಾವ್. ಆರ್ಗ್ಯುಮೆಂಟೇ ಇಲ್ಲದಿದ್ದರೆ ಸದ್ದಿಲ್ಲದೆ ಹೆಸರು ಬದಲಾಗಿ ಕಂಪೈಲ್ ಆಗಿಬಿಡುತ್ತೆ. ಒಂದು ಫೈಲ್ ಆ ಹೆಡರ್ ಸೇರಿಸಿಕೊಂಡು ಇನ್ನೊಂದು ಸೇರಿಸಿಕೊಳ್ಳದಿದ್ದರೆ ಲಿಂಕರ್ ಬಂದು, ನೀವು ಜನ್ಮದಲ್ಲಿ ಬರೆಯದ ಹೆಸರಿನ ಫಂಕ್ಷನ್ ಸಿಗ್ತಿಲ್ಲ ಅನ್ನುತ್ತೆ!

ಈ ಕಾಯಿಲೆ ಯುನಿಕ್ಸ್‌ಗಷ್ಟೇ ಇರಲಿಲ್ಲ. ವಿಂಡೋಸ್ ಹೆಡರ್‌ನ ಮಿನ್, ಮ್ಯಾಕ್ಸ್ ಮ್ಯಾಕ್ರೊಗಳು ಸಿ ಪ್ಲಸ್ ಪ್ಲಸ್ ಲೈಬ್ರರಿಯ ಅದೇ ಹೆಸರಿನ ಫಂಕ್ಷನ್‌ಗಳನ್ನು ಕೆಡಿಸ್ತವೆ. ಬೇಡ ಅನ್ನೋರಿಗೆ ಮೈಕ್ರೋಸಾಫ್ಟ್ ನೋಮಿನ್‌ಮ್ಯಾಕ್ಸ್ ಅನ್ನುವ ಸ್ವಿಚ್ ಕೊಟ್ಟಿದೆ. ಇನ್ನೊಂದು ಉಪಾಯ, ಹೆಸರನ್ನೇ ಬ್ರಾಕೆಟ್‌ನಲ್ಲಿ ಸುತ್ತೋದು. ಆಗ ಹೆಸರಿನ ಮುಂದೆ ಬರೋದು ತೆರೆಯುವ ಬ್ರಾಕೆಟ್ ಅಲ್ಲ, ಮುಚ್ಚುವ ಬ್ರಾಕೆಟ್. ಮ್ಯಾಕ್ರೊ ತೆಪ್ಪಗಿರುತ್ತೆ. ಬೂಸ್ಟ್ ಲೈಬ್ರರಿಯಲ್ಲಿ ಈ ವಿಚಿತ್ರ ಬ್ರಾಕೆಟ್‌ಗಳು ಇರೋದು ಇದಕ್ಕೇ.

ಲಿನಕ್ಸ್ ಕರ್ನಲ್ ತನ್ನೊಳಗೆ ಇನ್ನೊಂದು ದಾರಿ ಕಂಡುಕೊಂಡಿದೆ. ರೀಡ್‌ಬಿ ಎಂಬ ಫಂಕ್ಷನ್ ಬರೆದು, ಪಕ್ಕದಲ್ಲೇ ರೀಡ್‌ಬಿ ಅಂದ್ರೆ ರೀಡ್‌ಬಿ ಅಂತ ಮ್ಯಾಕ್ರೊ ಹಾಕ್ತಾರೆ. 1989ರ ಸಿ ಸ್ಟಾಂಡರ್ಡ್ ಪ್ರಕಾರ ಮ್ಯಾಕ್ರೊ ತನ್ನನ್ನೇ ಮತ್ತೆ ಬದಲಾಯಿಸಿಕೊಳ್ಳಲ್ಲ, ಹಾಗಾಗಿ ತೊಂದರೆ ಇಲ್ಲ. ಎಲ್ಲ ಪ್ರೊಸೆಸರ್‌ಗಳಿಗೂ ಇರುವ ಸಾಮಾನ್ಯ ಹೆಡರ್ ಈ ಮ್ಯಾಕ್ರೊ ಕಂಡರೆ ತನ್ನ ರೀಡ್‌ಬಿಯನ್ನು ಬಿಟ್ಟುಕೊಡುತ್ತೆ. ಇಲ್ಲಿ ಮ್ಯಾಕ್ರೊ ಅನ್ನೋದು ಬಸ್ ಸೀಟಿನ ಮೇಲೆ ಹಾಸಿದ ಟವೆಲ್ ಇದ್ದಂಗೆ.

ಮೇಜರ್, ಮೈನರ್ ಕಥೆಗೆ ಬರೋಣ. 2017ರ ಫೆಬ್ರವರಿಯಲ್ಲಿ ಗ್ನು ಲೈಬ್ರರಿಯ 2.25 ಬಂತು. ಟೈಪ್ಸ್ ಹೆಡರ್ ಮೂಲಕ ಈ ಮ್ಯಾಕ್ರೊ ಬಳಸಿದರೆ ವಾರ್ನಿಂಗ್ ಕೊಡೋಕೆ ಶುರುವಾಯ್ತು. 2018ರ ಆಗಸ್ಟ್‌ನ 2.28ರಲ್ಲಿ ಅವನ್ನು ಅಲ್ಲಿಂದ ತೆಗೆದೇಬಿಟ್ಟರು. ಬೇಕಾದವರು ಸಿಸ್‌ಮ್ಯಾಕ್ರೋಸ್ ಹೆಡರ್ ಕೇಳಿ ತಗೋಬೇಕು. ಅದನ್ನೇ ನಂಬಿಕೊಂಡಿದ್ದ ಹಳೇ ಪ್ರೋಗ್ರಾಂಗಳು ಬಿಲ್ಡ್ ಆಗದೆ ನಿಂತವು, ಪ್ರತಿಯೊಂದಕ್ಕೂ ಒಂದೊಂದು ಸಾಲು ಸೇರಿಸಬೇಕಾಯ್ತು.

ನಮ್ಮೂರ ಕಡೆ ಒಂದೇ ಬೀದಿಯಲ್ಲಿ ಇಬ್ಬರು ರಾಮಣ್ಣ ಇದ್ದರೆ ಅಂಗಡಿ ರಾಮಣ್ಣ, ಮೇಲ್ಮನೆ ರಾಮಣ್ಣ ಅಂತಾರೆ. 1979ರಲ್ಲಿ ಡೆವ್_ಮೇಜರ್ ಅಂತ ನಾಲ್ಕು ಅಕ್ಷರ ಜಾಸ್ತಿ ಬರೆದಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ. ಆದರೆ ಬೀದಿ ಇಷ್ಟು ದೊಡ್ಡದಾಗುತ್ತೆ ಅಂತ ಆಗ ಯಾರು ತಾನೇ ಅಂದ್ಕೊಂಡಿದ್ದರು?