ಮೂಲವುಳಿದು ಟಿಪ್ಪಣಿಯಳಿದ ಬಗೆ

13ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳ ರಾಮನಾಥನು ತಿರುಚಿರಾಪಳ್ಳಿಯ ಬಳಿಯ ಕಣ್ಣನೂರನ್ನು ಪಾಂಡ್ಯರಿಗೆ ಕಳೆದುಕೊಂಡು, ನಮ್ಮ ಕುಂದಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ಅರಸನ ನೆಲೆ ಬದಲಾಯಿತು. ಆದರೆ ತಮಿಳು ಸೀಮೆಯಲ್ಲಿ ಅವನ ಹೆಸರಿನಿಂದ ಕೊರೆದ ಶಾಸನಗಳು ಉಳಿದುವು. ಬರಹಕ್ಕೆ ಆಧಾರವಾದ ಕಲ್ಲು ಸ್ಥಿರವಾಗಿದ್ದುದೇ ಇದಕ್ಕೆ ಕಾರಣ. ಆಧಾರವೇ ಪರಾಧೀನವಾದರೆ ಬರಹದ ಗತಿಯೇನೆಂಬುದು ಯೂಟ್ಯೂಬಿನ ಚರಿತ್ರೆಯಿಂದ ವಿದಿತವಾಗುತ್ತದೆ.

2005ರಲ್ಲಿ ಹುಟ್ಟಿದ ಈ ತಾಣವು 2008ರಲ್ಲಿ ವೀಡಿಯೊಗಳ ಮೇಲೆಯೇ ಟಿಪ್ಪಣಿ ಬರೆಯುವ ಅನುಕೂಲವನ್ನು ಕಲ್ಪಿಸಿತು. ಒಮ್ಮೆ ಏರಿಸಿದ ವೀಡಿಯೊವಿಗೆ ಬದಲಾಗಿ ಅದೇ ವಿಳಾಸದಲ್ಲಿ ಬೇರೊಂದನ್ನಿಡಲು ಅವಕಾಶವಿರಲಿಲ್ಲ. ಆದುದರಿಂದ ಕರ್ತೃಗಳು ತಿದ್ದುಪಡಿಗಳನ್ನು ಟಿಪ್ಪಣಿಯಲ್ಲಿಯೇ ಬರೆದರು. ಕೆಲವರು ನೋಡುಗನು ತಾನೇ ದಾರಿಯನ್ನಾರಿಸುವ ಕಥೆಗಳನ್ನೂ ಅದರಿಂದ ಹೆಣೆದರು. ಆದರೆ ಇವು ಮೊಬೈಲುಗಳಲ್ಲಿ ಕೆಲಸಮಾಡುತ್ತಿರಲಿಲ್ಲ. ಈ ಕೊರತೆಯನ್ನು ಮುಂದಿಟ್ಟು ಸಂಸ್ಥೆಯು 2017ರ ಮೇ ತಿಂಗಳಲ್ಲಿ ಹೊಸ ಟಿಪ್ಪಣಿಗಳನ್ನು ನಿಲ್ಲಿಸಿ, 2019ರ ಜನವರಿ 15ರಂದು ಹಳೆಯವನ್ನೂ ತೆಗೆದುಹಾಕಿತು. ಬದಲಿಗೆ ಬಂದ ಕಾರ್ಡುಗಳು ಮೊಬೈಲಿನಲ್ಲಿ ಕಾಣುವುವಾದರೂ, ವೀಡಿಯೊವಿನ ಮೇಲೆ ಬೇಕಾದಲ್ಲಿ ಬೇಕಾದುದನ್ನು ಬರೆಯಲು ಎಡೆಗೊಡವು.

ಹೀಗೆ ತಪ್ಪು ಉಳಿಯಿತು, ತಿದ್ದುಪಡಿ ಅಳಿಯಿತು. ಕಥೆಗಳ ಕವಲುದಾರಿಗಳು ಮುಚ್ಚಿದುವು. ಶಾಸನದ ಅಕ್ಷರ ಸವೆದರೆ ಸವೆದ ಗುರುತಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಗ್ರಂಥಪಾಠಗಳನ್ನು ಪರಿಶೋಧಿಸುವವರು ಇದರ ಕಷ್ಟವನ್ನು ಬಲ್ಲರು. ಮುಂದೆ ಈ ವೀಡಿಯೊಗಳನ್ನು ಆಕರವಾಗಿ ಬಳಸುವವರು ಕರ್ತೃವಿನ ಮೇಲೆ ದೋಷವನ್ನು ಹೊರಿಸುವ ಮೊದಲು ಈ ಲೋಪವನ್ನು ಗಮನಿಸಬೇಕು. ಕರ್ತೃಗಳೂ ತಮ್ಮ ಟಿಪ್ಪಣಿಗಳ ಒಂದು ಪ್ರತಿಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವುದು ಯುಕ್ತ.